ಇನ್‌ಸ್ಟಾದಲ್ಲಿ ನೋಡಿದವರು ವಾಟ್ಸಾಪಿಗೆ ಬರುವುದು ಹೇಗೆ?

ಪ್ರಶ್ನೆ: ಸರ್, ನಾನು ಧಾರವಾಡದ ಮಾಳಮಡ್ಡಿಯವಳು. ಮನೆಯಲ್ಲೇ ಕಸೂತಿ ಕೆಲಸ ಮಾಡುತ್ತೇನೆ. ಸೀರೆ, ಬ್ಲೌಸ್, ದುಪಟ್ಟಾ, ಈಗೀಗ ಸಣ್ಣ ಚೀಲಗಳು. ಓಣಿಯ ಮೂವರು ಹೆಣ್ಣುಮಕ್ಕಳು ಜೊತೆಗಿದ್ದಾರೆ. ಇನ್‌ಸ್ಟಾಗ್ರಾಂ ಖಾತೆಯನ್ನು ನನ್ನ ತಂಗಿಯ ಮಗಳು ಅವಳ ಫೋನಿನಲ್ಲಿ ತೆರೆದುಕೊಟ್ಟಳು. ಈಗ ಅವಳು ಕೆಲಸಕ್ಕೆ ಬೆಂಗಳೂರಿಗೆ ಹೋಗಿದ್ದಾಳೆ. ಫೇಸ್‌ಬುಕ್‌ನಲ್ಲಿ ನನ್ನ ಸ್ವಂತ ಖಾತೆಯಲ್ಲೇ ಫೋಟೋ ಹಾಕುತ್ತೇನೆ. ವಾಟ್ಸಾಪ್ ಇರುವುದು ಮನೆ ನಂಬರಿನಲ್ಲಿ. ಯೂಟ್ಯೂಬಿನಲ್ಲಿ ನಾಲ್ಕು ವಿಡಿಯೋ ಇವೆ. ಲೈಕ್ ಬರುತ್ತವೆ, ಆರ್ಡರ್ ಬರುವುದಿಲ್ಲ. ಮೊನ್ನೆ ಒಬ್ಬರು ಬಂದು ‘ಎಲ್ಲಾ ಅಕೌಂಟ್ ಲಿಂಕ್ ಮಾಡಿಕೊಡುತ್ತೇವೆ, ಹನ್ನೆರಡು ಸಾವಿರ ಆಗುತ್ತದೆ, ಪಾಸ್‌ವರ್ಡ್ ಕೊಡಿ’ ಅಂದರು. ಲಿಂಕ್ ಮಾಡಿದರೆ ಉಪಯೋಗ ಇದೆಯಾ? ಒಂದು ಕಡೆ ಹಾಕಿದ್ದು ಎಲ್ಲಾ ಕಡೆ ತಾನೇ ಹೋಗುತ್ತದಾ? ನಾನೇ ಮಾಡಿಕೊಳ್ಳಬಹುದಾ?

ಉತ್ತರ: ಅಕ್ಕಾವ್ರೇ, ನಮಸ್ಕಾರ. ಪಾಸ್‌ವರ್ಡ್ ಇನ್ನೂ ಕೊಟ್ಟಿಲ್ಲ ತಾನೇ? ಕೊಟ್ಟಿದ್ದರೆ ಓದುವುದನ್ನು ಇಲ್ಲಿಗೇ ಬಿಟ್ಟು ಮೊದಲು ಅದನ್ನು ಬದಲಾಯಿಸಿ ಬನ್ನಿ. ಉಳಿದದ್ದು ಆಮೇಲೆ.

ಖಾತೆಗಳನ್ನು ಒಂದಕ್ಕೊಂದು ಜೋಡಿಸುವುದಕ್ಕೆ ಇನ್‌ಸ್ಟಾಗ್ರಾಂ, ಫೇಸ್‌ಬುಕ್, ವಾಟ್ಸಾಪ್, ಯೂಟ್ಯೂಬ್, ಗೂಗಲ್, ಇವರಲ್ಲಿ ಯಾರೂ ಒಂದು ರೂಪಾಯಿ ಕೇಳುವುದಿಲ್ಲ. ನೀವೇ ಮಾಡಿಕೊಳ್ಳಬಹುದು. ನನ್ನ ಲೆಕ್ಕದಲ್ಲಿ ಎರಡು ಮಧ್ಯಾಹ್ನದ ಕೆಲಸ. ಎಳೆ ಎಣಿಸಿ ಗೋಪುರ ಎತ್ತುವ ಕೈಗೆ ಇದೇನು ದೊಡ್ಡದಲ್ಲ.

ಆದರೆ ‘ಲಿಂಕ್’ ಅನ್ನುವ ಒಂದೇ ಮಾತಿನಲ್ಲಿ ಮೂರು ಕೆಲಸ ಸೇರಿಕೊಂಡಿವೆ. ಗೊಂದಲ ಆಗುವುದು ಅಲ್ಲೇ. ಒಂದು ಕಡೆ ಹಾಕಿದ ಫೋಟೋ ಇನ್ನೊಂದು ಕಡೆಗೂ ಹೋಗುವುದು, ಇದು ಮೊದಲನೆಯದು. ಎಲ್ಲ ಖಾತೆಗಳ ಕೀಲಿಕೈ ಒಂದೇ ಗೊಂಚಲಿಗೆ ಬರುವುದು ಎರಡನೆಯದು. ಎಲ್ಲೋ ನಿಮ್ಮ ಸೀರೆ ನೋಡಿದ ಗಿರಾಕಿ ದಾರಿ ತಪ್ಪದೆ ಆರ್ಡರ್ ಕೊಡುವ ಜಾಗಕ್ಕೆ ಬಂದು ಮುಟ್ಟುವುದು ಮೂರನೆಯದು. ನೀವು ಕೇಳುತ್ತಿರುವುದು ಮೊದಲನೆಯದರ ಬಗ್ಗೆ. ಆ ಮನುಷ್ಯ ಮಾರುತ್ತಿರುವುದು ಎರಡನೆಯದನ್ನು, ಅದೂ ಗೊಂಚಲನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು. ಆರ್ಡರ್ ತರುವುದು ಮಾತ್ರ ಮೂರನೆಯದು.

ಒಬ್ಬ ಗಿರಾಕಿಯ ಹಿಂದೆ ಹೋಗಿ ನೋಡೋಣ. ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಒಬ್ಬರು ರಾತ್ರಿ ಹತ್ತಕ್ಕೆ ಮಕ್ಕಳನ್ನು ಮಲಗಿಸಿ ಫೋನ್ ಹಿಡಿದಿದ್ದಾರೆ ಅಂದುಕೊಳ್ಳಿ. ನಿಮ್ಮ ಕಪ್ಪು ಸೀರೆಯ ರೀಲ್ ಬಂತು. ಸೆರಗಿನ ತುಂಬಾ ತೇರು, ಆನೆ, ತುಳಸಿ ಕಟ್ಟೆ. ಅವರಿಗೆ ಹಿಡಿಸಿತು. ‘ರೇಟ್ ಎಷ್ಟ್ರೀ?’ ಅಂತ ಕೆಳಗೆ ಬರೆದರು. ಉತ್ತರ ಇಲ್ಲ. ಹೆಸರು ಒತ್ತಿ ಒಳಗೆ ಹೋದರು. ಅಲ್ಲಿ ‘ಹ್ಯಾಂಡ್ ಎಂಬ್ರಾಯ್ಡರಿ, ಲವ್ ಫಾರ್ ಆರ್ಟ್’ ಅಂತ ಏನೋ ಇದೆ, ಊರಿನ ಹೆಸರಿಲ್ಲ, ನಂಬರಿಲ್ಲ. ಆದರೂ ಬಿಡದೆ ಒಂದು ಮೆಸೇಜ್ ಹಾಕಿದರು. ಆ ಮೆಸೇಜ್ ಹೋಗಿ ಬಿದ್ದದ್ದು ಬೆಂಗಳೂರಿನಲ್ಲಿರುವ ನಿಮ್ಮ ತಂಗಿಯ ಮಗಳ ಫೋನಿಗೆ, ಅದೂ ಪರಿಚಯ ಇಲ್ಲದವರ ಮೆಸೇಜ್ ಕೂರುವ ‘ರಿಕ್ವೆಸ್ಟ್’ ಅನ್ನುವ ಹಿಂದಿನ ಕೋಣೆಗೆ. ಆ ಹುಡುಗಿ ಆಫೀಸ್ ಮುಗಿಸಿ, ಟ್ರಾಫಿಕ್ಕಿನಲ್ಲಿ ಜೀವ ಹಿಂಡಿಸಿಕೊಂಡು ಮನೆಗೆ ಬಂದು ಅದನ್ನು ನೋಡುವಷ್ಟರಲ್ಲಿ ನಾಲ್ಕು ದಿನ. ಅಷ್ಟೊತ್ತಿಗೆ ಕೇಶ್ವಾಪುರದವರು ಬೇರೆ ಸೀರೆ ತಗೊಂಡು ಉಟ್ಟೂ ಆಯಿತು.

ನಿಮ್ಮ ಕೆಲಸದಲ್ಲಿ ಏನೂ ಕೊರತೆ ಇಲ್ಲ. ಕೊರತೆ ಇರುವುದು ಕಸೂತಿಯ ಗವಂತಿ ಹೊಲಿಗೆ ಅರ್ಧಕ್ಕೇ ನಿಂತ ಹಾಗೆ ಆಗಿರುವುದರಲ್ಲಿ. ಗವಂತಿಯಲ್ಲಿ ದಾರ ಹೋಗುವಾಗ ಒಂದು ಮನೆ ಬಿಟ್ಟು ಒಂದು ಮನೆ ಹೋಗುತ್ತದೆ, ವಾಪಸ್ ಬರುವಾಗ ಬಿಟ್ಟ ಮನೆ ತುಂಬಿಕೊಂಡು ಬರುತ್ತದೆ ಅಲ್ವಾ? ನಿಮ್ಮ ಫೋಟೋಗಳು ಹೊರಗೆ ಹೋಗಿವೆ. ವಾಪಸ್ ಬರುವ ದಾರವನ್ನು ಯಾರೂ ಹಾಕಿಲ್ಲ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಕೀಲಿಕೈಯಿಂದ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ನಾನೇ ಇದರಲ್ಲಿ ಒಮ್ಮೆ ಕೆಟ್ಟಿದ್ದೇನೆ.

ಕೆಲವು ವರ್ಷದ ಹಿಂದೆ ಹುಬ್ಬಳ್ಳಿಯ ಒಂದು ಬಟ್ಟೆ ಅಂಗಡಿಗೆ ಇನ್‌ಸ್ಟಾಗ್ರಾಂ ಖಾತೆ ತೆರೆದುಕೊಟ್ಟೆ. ಯಜಮಾನರು ಗಿರಾಕಿಗಳ ಗದ್ದಲದಲ್ಲಿದ್ದರು. ಆತುರದಲ್ಲಿ ಕೌಂಟರಿನಲ್ಲಿದ್ದ ಹುಡುಗನ ನಂಬರ್ ಹಾಕಿ, ಓಟಿಪಿ ತಗೊಂಡು, ಕೆಲಸ ಮುಗಿಸಿ ಚಹಾ ಕುಡಿದು ಬಂದೆ. ಎರಡು ವರ್ಷ ಎಲ್ಲ ಚೆನ್ನಾಗಿಯೇ ನಡೆಯಿತು. ಆಮೇಲೆ ಆ ಹುಡುಗ ಕೆಲಸ ಬಿಟ್ಟ, ಸಿಮ್ ಕೂಡ ಬದಲಾಯಿಸಿದ. ಒಂದು ದಿನ ಅಂಗಡಿಯ ಫೋನ್ ಕೆಟ್ಟಿತು. ಹೊಸ ಫೋನಿನಲ್ಲಿ ಒಳಗೆ ಹೋಗೋಣ ಅಂದರೆ ಓಟಿಪಿ ಹೋಗುವುದು ಆ ಹಳೇ ನಂಬರಿಗೆ. ಆ ನಂಬರ್ ಆಗಲೇ ಬೇರೆ ಯಾರದೋ ಕೈಯಲ್ಲಿದೆ. ನಮ್ಮ ದೇಶದಲ್ಲಿ ಬಂದ್ ಆದ ಮೊಬೈಲ್ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿಗಳು ಬೇರೆಯವರಿಗೆ ಕೊಡಬಹುದು. ಸಾವಿರಾರು ಜನ ಇದ್ದ ಖಾತೆ ಹಾಗೇ ಬೀಗ ಬಿದ್ದು ನಿಂತಿತು. ಹೊಸದನ್ನು ಸೊನ್ನೆಯಿಂದ ಶುರು ಮಾಡಿದೆವು. ಹಳೆಯದು ಈಗಲೂ ಅಲ್ಲೇ ಇದೆ, ಜನ ಈಗಲೂ ಅದಕ್ಕೆ ರೇಟ್ ಕೇಳಿ ಮೆಸೇಜ್ ಹಾಕುತ್ತಾರೆ. ಯಜಮಾನರು ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಅದಕ್ಕೇ ಹೇಳುತ್ತೇನೆ, ತಂಗಿಯ ಮಗಳು ಹಬ್ಬಕ್ಕೆ ಊರಿಗೆ ಬಂದಾಗ ಅವಳನ್ನು ಒಂದು ತಾಸು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವಳು ಬರುವುದು ತಡ ಅಂದರೆ ಫೋನಿನಲ್ಲೇ ಆಗುತ್ತದೆ, ಬರುವ ಕೋಡನ್ನು ಅವಳು ಓದಿ ಹೇಳಬೇಕು ಅಷ್ಟೇ. ಮೊದಲು ಈ ಕೆಲಸಕ್ಕೆಂದೇ ನಿಮ್ಮ ಫೋನಿನಲ್ಲಿ ಹೊಸ ಜಿಮೇಲ್ ಮಾಡಿಕೊಳ್ಳಿ. ಇನ್‌ಸ್ಟಾಗ್ರಾಂ ಸೆಟ್ಟಿಂಗ್ಸ್ ಒಳಗೆ ‘ಅಕೌಂಟ್ಸ್ ಸೆಂಟರ್’ ಅಂತ ಇದೆ. ಅಲ್ಲಿ ಅವಳ ನಂಬರ್, ಈಮೇಲ್ ತೆಗೆದು ನಿಮ್ಮದನ್ನು ಹಾಕಿ. ಮೊದಲು ನಿಮ್ಮದನ್ನು ಸೇರಿಸಿ, ಅದು ಪಕ್ಕಾ ಆದ ಮೇಲೆ ಅವಳದನ್ನು ತೆಗೆಯಿರಿ. ಉಲ್ಟಾ ಮಾಡಿದರೆ ಇಬ್ಬರೂ ಬಾಗಿಲ ಹೊರಗೆ ನಿಲ್ಲುತ್ತೀರಿ. ಆಮೇಲೆ ಪಾಸ್‌ವರ್ಡ್ ಬದಲಾಯಿಸಿ. ಆಮೇಲೆ ‘ಟೂ ಫ್ಯಾಕ್ಟರ್’ ಅನ್ನುವುದನ್ನು ಆನ್ ಮಾಡಿ, ಅಂದರೆ ಪಾಸ್‌ವರ್ಡ್ ಗೊತ್ತಿದ್ದರೂ ನಿಮ್ಮ ಫೋನಿಗೆ ಬರುವ ಕೋಡ್ ಇಲ್ಲದೆ ಯಾರೂ ಒಳಗೆ ಬರಲಾರರು. ಅದನ್ನು ಆನ್ ಮಾಡಿದಾಗ ಫೋನ್ ಕಳೆದುಹೋದರೆ ಬಳಸಲು ಒಂದಿಷ್ಟು ಬ್ಯಾಕಪ್ ಕೋಡ್ ಸಿಗುತ್ತವೆ. ಅವನ್ನು ಕಾಗದದ ಮೇಲೆ ಬರೆದು ರೇಷನ್ ಕಾರ್ಡ್ ಇಡುವ ಜಾಗದಲ್ಲಿ ಇಡಿ. ಫೋಟೋ ಹೊಡೆದು ಅದೇ ಫೋನಿನಲ್ಲಿ ಇಟ್ಟುಕೊಳ್ಳಬೇಡಿ. ಫೋನ್ ಹೋದರೆ ಅದೂ ಹೋಯಿತಲ್ಲ!

ತಂಗಿಯ ಮಗಳಿಗೆ ಬೇಜಾರಾಗುತ್ತದೇನೋ ಅಂದುಕೊಳ್ಳಬೇಡಿ. ಅವಳಿಗೂ ಒಂದು ಹೊರೆ ಇಳಿದ ಹಾಗೆ. ಮುಂದೆ ಫೇಸ್‌ಬುಕ್ ಪೇಜ್ ಮಾಡಿದಾಗ ಅವಳ ಹೆಸರಿಗೇ ಪ್ರವೇಶ ಕೊಡಬಹುದು, ಅವಳು ತನ್ನ ಲಾಗಿನ್ನಿನಿಂದಲೇ ಕೆಲಸ ಮಾಡಬಹುದು, ಪಾಸ್‌ವರ್ಡ್ ಹಂಚಿಕೊಳ್ಳುವ ಮಾತೇ ಇಲ್ಲ. ಪೇಜಿಗೆ ಪೂರ್ತಿ ಅಧಿಕಾರ ಇರುವವರು ಇಬ್ಬರಿರುವುದು ಒಳ್ಳೆಯದು. ಒಬ್ಬರ ಖಾತೆಗೆ ಏನಾದರೂ ಆದರೆ ಇನ್ನೊಬ್ಬರು ಇರುತ್ತಾರೆ.

ಈಗ ವಾಟ್ಸಾಪ್. ನಿಮ್ಮಂಥ ವ್ಯಾಪಾರಕ್ಕೆ ಕೊನೆಗೆ ಎಲ್ಲರೂ ಬಂದು ಸೇರಬೇಕಾದ ಜಾಗ ಇದು. ನಮ್ಮ ಕಡೆ ಜನ ಸೀರೆಯನ್ನು ಬಟನ್ ಒತ್ತಿ ಕೊಳ್ಳುವುದಿಲ್ಲ. ಬಣ್ಣ ಕೇಳುತ್ತಾರೆ, ‘ಇದ ಡಿಸೈನ್ ಹಸಿರಿನ್ಯಾಗ ಆಗತೈತೇನ್ರೀ’ ಅನ್ನುತ್ತಾರೆ, ಸ್ವಲ್ಪ ಚೌಕಾಸಿ ಮಾಡುತ್ತಾರೆ, ಅತ್ತೆಗೆ ತೋರಿಸುತ್ತಾರೆ, ಆಮೇಲೆ ದುಡ್ಡು ಹಾಕುತ್ತಾರೆ. ಇಷ್ಟೆಲ್ಲ ನಡೆಯುವುದು ವಾಟ್ಸಾಪಿನಲ್ಲೇ.

ಮನೆ ನಂಬರಿನಲ್ಲಿ ಬೇಡ. ಎರಡನೇ ಸಿಮ್ ತಗೊಂಡು ಅದರಲ್ಲಿ ‘ವಾಟ್ಸಾಪ್ ಬಿಸಿನೆಸ್’ ಆ್ಯಪ್ ಹಾಕಿ. ಅದೂ ಪುಕ್ಕಟೆ. ಹಸಿರು ಗುರುತಿನ ಒಳಗೆ ಫೋನಿನ ಚಿತ್ರದ ಬದಲು ಇಂಗ್ಲಿಷಿನ ‘ಬಿ’ ಅಕ್ಷರ ಇರುತ್ತದೆ. ಎರಡೂ ಆ್ಯಪ್ ಒಂದೇ ಫೋನಿನಲ್ಲಿ ಇರಬಹುದು. ಆದರೆ ಒಂದೇ ನಂಬರ್ ಎರಡರಲ್ಲೂ ನಡೆಯುವುದಿಲ್ಲ. ಹಳೇ ಗಿರಾಕಿಗಳಿಗೆಲ್ಲ ಮನೆ ನಂಬರೇ ಗೊತ್ತಿದೆ ಅಂದರೆ ಆ ನಂಬರನ್ನೇ ಬಿಸಿನೆಸ್ ಆ್ಯಪಿಗೆ ದಾಟಿಸಿ, ಮನೆಯವರಿಗೆ ಹೊಸ ನಂಬರ್ ಕೊಡಿ. ಯಾವುದಾದರೂ ಸರಿ. ಆ ಸಿಮ್ಮಿಗೆ ರೀಚಾರ್ಜ್ ಮಾತ್ರ ತಪ್ಪಿಸಬೇಡಿ. ಬಟ್ಟೆ ಅಂಗಡಿಯ ಕಥೆ ಈಗಷ್ಟೇ ಹೇಳಿದೆನಲ್ಲ.

ಬಿಸಿನೆಸ್ ಆ್ಯಪಿನಲ್ಲಿ ‘ಕ್ಯಾಟಲಾಗ್’ ಅಂತ ಇದೆ. 500 ವಸ್ತುಗಳವರೆಗೆ ಹಾಕಬಹುದು. ನಿಮಗೆ ಹದಿನೈದು ಸಾಕು. ಪ್ರತಿಯೊಂದಕ್ಕೂ ಎರಡು ಫೋಟೋ ಹಾಕಿ: ಒಂದು ಮುಂದಿನ ಮೈ, ಇನ್ನೊಂದು ಹಿಂದಿನ ಮೈ. ಇದನ್ನು ಒತ್ತಿ ಹೇಳುತ್ತೇನೆ. ಕರ್ನಾಟಕದ ಕಸೂತಿಗೆ ಜಿಐ ಟ್ಯಾಗ್, ಅಂದರೆ ಇದು ಈ ನೆಲದ್ದೇ ಅನ್ನುವ ಸರ್ಕಾರಿ ಗುರುತು ಇದೆ ನಿಜ, ಆದರೆ ಪೇಟೆಯಲ್ಲಿ ‘ಕಸೂತಿ’ ಅಂತ ಮಶೀನ್ ಕೆಲಸವೂ ಮಾರಾಟವಾಗುತ್ತದೆ. ಫೋಟೋದಲ್ಲಿ ಮುಂದಿನಿಂದ ನೋಡಿದರೆ ಪುಣೆಯಲ್ಲಿ ಕೂತವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಬಟ್ಟೆ ತಿರುಗಿಸಿದರೆ ಗೊತ್ತಾಗುತ್ತದೆ. ಗವಂತಿಯಲ್ಲಿ ಹಿಂದೂ ಮುಂದೂ ಒಂದೇ, ಎಲ್ಲೂ ಗಂಟಿಲ್ಲ. ರೀಲ್ ಮಾಡುವಾಗಲೂ ಅಷ್ಟೇ. ಮಾತು ಬೇಡ, ಹಿನ್ನೆಲೆ ಸಂಗೀತ ಬೇಡ, ಸೆರಗು ಹಿಡಿದು ಮೆಲ್ಲಗೆ ತಿರುಗಿಸಿ ತೋರಿಸಿ. ನನ್ನನ್ನು ಕೇಳಿದರೆ ನಿಮ್ಮ ಅತೀ ಒಳ್ಳೆಯ ಜಾಹೀರಾತು ಆ ಹತ್ತು ಸೆಕೆಂಡು.

ಮತ್ತೆ, ಬೆಲೆ ಹಾಕಿ. ‘ಪ್ರೈಸ್ ಇನ್‌ಬಾಕ್ಸ್’ ಅನ್ನುವುದು ನನಗೆ ಆಗಿಬರದ ಮಾತು. ಕೆಲಸದ ಮೇಲೆ ಬೆಲೆ ಹೆಚ್ಚುಕಡಿಮೆ ಆಗುತ್ತದೆ, ನಿಜ. ‘ಇಷ್ಟರಿಂದ ಶುರು, ಇಷ್ಟು ದಿನ ಬೇಕು’ ಅಂತ ಬರೆದರೆ ಸಾಕು. ಸೀರೆ ತಯಾರಾಗಲು ತಿಂಗಳುಗಟ್ಟಲೆ ಬೇಕು ಅನ್ನುವುದು ಮೊದಲೇ ಗೊತ್ತಾದರೆ ಮುಂದಿನ ವಾರದ ಮದುವೆಗೆ ಕೇಳಿಕೊಂಡು ಬರುವವರ ಕಾಟವೂ ಕಡಿಮೆ.

ಇನ್ನು ದಾರ ಹಾಕುವ ಕೆಲಸ. ನಿಮ್ಮ ನಂಬರನ್ನು ಬರೀ ಅಂಕಿಯಾಗಿ ಬರೆದರೆ ಗಿರಾಕಿ ಅದನ್ನು ನೆನಪಿಟ್ಟು, ಸೇವ್ ಮಾಡಿ, ವಾಟ್ಸಾಪ್ ತೆರೆದು ಹುಡುಕಬೇಕು. ಅಷ್ಟು ಮಾಡುವವರು ಕಡಿಮೆ. ಬದಲಿಗೆ ಒತ್ತಿದ ಕೂಡಲೇ ನಿಮ್ಮ ಚಾಟ್ ತೆರೆಯುವ ಲಿಂಕ್ ಕೊಡಿ. ಬಿಸಿನೆಸ್ ಆ್ಯಪಿನಲ್ಲೇ ‘ಶಾರ್ಟ್ ಲಿಂಕ್’ ಸಿಗುತ್ತದೆ, ಜೊತೆಗೆ ಕ್ಯೂಆರ್ ಕೋಡ್ ಕೂಡ. ಕ್ಯೂಆರನ್ನು ಪ್ರಿಂಟ್ ಹಾಕಿಸಿ ಸೀರೆಯ ಪೊಟ್ಟಣದೊಳಗೆ ಒಂದೊಂದು ಚೀಟಿ ಇಡಿ. ಸೀರೆ ಉಟ್ಟವರನ್ನು ‘ಎಲ್ಲಿ ತಗೊಂಡ್ರಿ’ ಅಂತ ಯಾರಾದರೂ ಕೇಳೇ ಕೇಳುತ್ತಾರೆ.

ಲಿಂಕನ್ನು ಕೈಯಿಂದಲೂ ಬರೆಯಬಹುದು. ಇಂಗ್ಲಿಷಿನಲ್ಲಿ ಡಬ್ಲ್ಯೂ, ಎ, ಚುಕ್ಕಿ, ಎಂ, ಇ. ಆಮೇಲೆ ಒಂದು ಓರೆಗೆರೆ. ಆಮೇಲೆ 91, ಅದಕ್ಕೆ ಅಂಟಿಕೊಂಡು ನಿಮ್ಮ ಹತ್ತಂಕಿ. ನಡುವೆ ಜಾಗ ಬಿಡಬಾರದು, ಮುಂದೆ ಪ್ಲಸ್ ಇರಬಾರದು, ಸೊನ್ನೆಯೂ ಇರಬಾರದು. ನಾನು ನೋಡಿದ ಸತ್ತ ಲಿಂಕುಗಳಲ್ಲಿ ಜಾಸ್ತಿ ಸತ್ತದ್ದು ಆ ಒಂದು ಸೊನ್ನೆಯಿಂದ. ಕೈಯಿಂದ ಬರೆಯುವುದರಲ್ಲಿ ಒಂದು ಲಾಭ ಇದೆ. ಕೊನೆಗೆ ಪ್ರಶ್ನೆ ಚಿಹ್ನೆ ಹಾಕಿ, ಇಂಗ್ಲಿಷಿನಲ್ಲಿ ‘ಟೆಕ್ಸ್ಟ್’ ಅಂತ ಬರೆದು, ಸಮ ಚಿಹ್ನೆ ಹಾಕಿ ಒಂದು ಪದ ಸೇರಿಸಿದರೆ, ಗಿರಾಕಿ ಲಿಂಕ್ ಒತ್ತಿದಾಗ ಆ ಪದ ಮೆಸೇಜಿನ ಜಾಗದಲ್ಲಿ ತಯಾರಾಗಿ ಕೂತಿರುತ್ತದೆ, ಅವರು ಕಳಿಸಿದರೆ ಆಯಿತು. ಇನ್‌ಸ್ಟಾದಲ್ಲಿ ಹಾಕುವ ಲಿಂಕಿಗೆ ‘ಇನ್‌ಸ್ಟಾ’ ಅಂತ, ಫೇಸ್‌ಬುಕ್ಕಿನದಕ್ಕೆ ‘ಫೇಸ್‌ಬುಕ್’ ಅಂತ, ಗೂಗಲ್ಲಿನದಕ್ಕೆ ‘ಗೂಗಲ್’ ಅಂತ ಇಡಿ. ಎರಡು ತಿಂಗಳಲ್ಲಿ ಯಾವ ಕಡೆಯಿಂದ ಗಿರಾಕಿ ಬರುತ್ತಾರೆ ಅನ್ನುವುದು ತಾನೇ ಲೆಕ್ಕಕ್ಕೆ ಸಿಗುತ್ತದೆ. ಯಾರೂ ಬರದ ಕಡೆಗೆ ಸುಮ್ನೆ ಯಾಕೆ ರಾತ್ರಿ ಕೂತು ಫೋಟೋ ಹಾಕುತ್ತೀರಿ?

ಇನ್‌ಸ್ಟಾಗ್ರಾಂನಲ್ಲಿ ಈ ಲಿಂಕ್ ಹೋಗಬೇಕಾದದ್ದು ಬಯೋದಲ್ಲಿ, ಅಂದರೆ ಖಾತೆಯ ಹೆಸರಿನ ಕೆಳಗಿರುವ ಪರಿಚಯದ ಜಾಗದಲ್ಲಿ. ಫೋಟೋ ಕೆಳಗಿನ ಬರಹದಲ್ಲಿ ಲಿಂಕ್ ಹಾಕಿದರೆ ಅದು ಒತ್ತಲು ಬರುವುದಿಲ್ಲ, ಬರೀ ಅಕ್ಷರ. ಬಯೋದಲ್ಲಿ 2023ರಿಂದ ಐದು ಲಿಂಕ್ ಹಾಕಲು ಬಿಟ್ಟಿದ್ದಾರೆ. ಐದೂ ತುಂಬಬೇಡಿ. ವಾಟ್ಸಾಪ್ ಮೊದಲು, ಯೂಟ್ಯೂಬ್ ಎರಡನೆಯದು, ಸಾಕು. ಬಯೋದ ಮೊದಲ ಸಾಲಿನಲ್ಲಿ ‘ಕೈಯಿಂದ ಮಾಡಿದ ಕಸೂತಿ, ಧಾರವಾಡ’ ಅಂತ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇರಲಿ. ಖಾತೆಯ ಹ್ಯಾಂಡಲ್, ಅಂದರೆ ಜನ ಹುಡುಕುವ ಯೂಸರ್‌ನೇಮ್, ಮಾತ್ರ ಇಂಗ್ಲಿಷ್ ಅಕ್ಷರ, ಅಂಕಿ, ಚುಕ್ಕಿ, ಅಡಿಗೆರೆಯಲ್ಲೇ ಇರಬೇಕು, 30 ಅಕ್ಷರದ ಒಳಗೆ. ಹೆಸರಿನ ಜಾಗದಲ್ಲಿ ಕನ್ನಡ ನಡೆಯುತ್ತದೆ. ಹ್ಯಾಂಡಲ್ ಎಲ್ಲ ಕಡೆ ಒಂದೇ ಇರಲಿ. ಕಸೂತಿಯನ್ನು ಇಂಗ್ಲಿಷಿನಲ್ಲಿ ಕೆಲವರು ‘ಹೆಚ್’ ಸೇರಿಸಿ ಬರೆಯುತ್ತಾರೆ, ಕೆಲವರು ಇಲ್ಲದೆ. ಒಂದನ್ನು ಹಿಡಿಯಿರಿ, ಎಲ್ಲ ಕಡೆ ಅದನ್ನೇ ಇಡಿ. ಗದಗಿನಲ್ಲಿರುವ ನಿಮ್ಮ ಯಾವುದಾದರೂ ನೆಂಟರಿಗೆ ಫೋನಿನಲ್ಲಿ ಒಂದೇ ಸಲ ಹೇಳಿ ನೋಡಿ. ಅವರು ಹುಡುಕಿ ತೆಗೆದರೆ ಆ ಹೆಸರು ಪಾಸು. ‘ಅಂಡರ್‌ಸ್ಕೋರ್ ಅಂದ್ರ ಏನ್ವಾ’ ಅಂದರೆ ಬದಲಾಯಿಸಿ.

ಇನ್ನು ಫೇಸ್‌ಬುಕ್. ಇಲ್ಲಿ ನೀವು ಸ್ವಂತ ಖಾತೆಯಲ್ಲಿ ಮಾರುತ್ತಿದ್ದೀರಿ. ಸ್ವಂತ ಖಾತೆಗೆ 5,000 ಗೆಳೆಯರ ಮಿತಿ ಇದೆ, ಅದಕ್ಕಿಂತ ಹೆಚ್ಚಾಗಿ ಮೊಮ್ಮಗನ ಹುಟ್ಟುಹಬ್ಬದ ಫೋಟೋ, ಸೀರೆ ಫೋಟೋ ಎಲ್ಲ ಕಲಸುಮೇಲೋಗರ. ಅದೇ ಖಾತೆಯ ಒಳಗಿಂದ ಒಂದು ಪೇಜ್ ತೆರೆಯಿರಿ. ಪೇಜ್ ನಿಮ್ಮ ಖಾತೆಗೆ ಸೇರಿರುತ್ತದೆ, ಆದರೆ ನೋಡುವವರಿಗೆ ಪೇಜಿನ ಹೆಸರೇ ಕಾಣುತ್ತದೆ. ನಿಮ್ಮ ಗೆಳೆಯರನ್ನು ಅದಕ್ಕೆ ಕರೆಯಬಹುದು.

ಆಮೇಲೆ ಇನ್‌ಸ್ಟಾವನ್ನು ‘ಪ್ರೊಫೆಷನಲ್’ ಖಾತೆಗೆ ಬದಲಾಯಿಸಿ. ಕ್ರಿಯೇಟರ್, ಬಿಸಿನೆಸ್ ಅಂತ ಎರಡು ಬಗೆ ಕೇಳುತ್ತದೆ. ಬಿಸಿನೆಸ್ ಆಯ್ದುಕೊಂಡರೆ ರೀಲಿಗೆ ಹಾಕುವ ಸಿನಿಮಾ ಹಾಡುಗಳಲ್ಲಿ ಎಷ್ಟೋ ಕಾಣೆಯಾಗುತ್ತವೆ, ವ್ಯಾಪಾರಕ್ಕೆ ಹಾಡು ಬಳಸುವ ಹಕ್ಕು ಬೇರೆ ಅನ್ನುವ ಕಾರಣಕ್ಕೆ. ಹಾಡು ಹೋಯಿತು ಅಂತ ಗಾಬರಿಯಾಗಿ ನನಗೆ ಫೋನ್ ಮಾಡುವವರು ತಿಂಗಳಿಗೆ ಒಬ್ಬರಾದರೂ ಇದ್ದಾರೆ. ನಿಮಗೆ ಹಾಡು ಬೇಡ ಅಂತ ಆಗಲೇ ಹೇಳಿದೆ, ಬಿಸಿನೆಸ್ಸೇ ಇರಲಿ.

ಈಗ ಇನ್‌ಸ್ಟಾ ಮತ್ತು ಪೇಜ್ ಜೋಡಿಸುವುದು. ಹತ್ತರಲ್ಲಿ ಎಂಟು ಜನ ಎಡವುವುದು ಇಲ್ಲಿ. ಅಕೌಂಟ್ಸ್ ಸೆಂಟರಿಗೆ ಹೋಗಿ ಫೇಸ್‌ಬುಕ್ ಸೇರಿಸುತ್ತಾರೆ, ‘ಲಿಂಕ್ ಆಯಿತು’ ಅಂದುಕೊಳ್ಳುತ್ತಾರೆ. ಅಲ್ಲಿ ಸೇರುವುದು ಸ್ವಂತ ಖಾತೆ. ಆಮೇಲೆ ನೋಡಿದರೆ ಸೀರೆ ಫೋಟೋ ಎಲ್ಲ ಮತ್ತೆ ಮೊಮ್ಮಗನ ಹುಟ್ಟುಹಬ್ಬದ ಪಕ್ಕಕ್ಕೇ ಹೋಗಿ ಬಿದ್ದಿರುತ್ತವೆ. ಪೇಜನ್ನು ಜೋಡಿಸಲು ಇನ್‌ಸ್ಟಾದಲ್ಲಿ ‘ಎಡಿಟ್ ಪ್ರೊಫೈಲ್’ ಒಳಗೆ ಹೋಗಿ, ಕೆಳಗೆ ‘ಪೇಜ್’ ಅಂತ ಬೇರೆ ಸಾಲು ಇರುತ್ತದೆ, ಅಲ್ಲಿ ನಿಮ್ಮ ಪೇಜಿನ ಹೆಸರು ಆಯ್ದುಕೊಳ್ಳಬೇಕು. ಪೋಸ್ಟ್ ಹಂಚುವ ಜಾಗದಲ್ಲೂ ಸ್ವಂತ ಖಾತೆಯಾ, ಪೇಜಾ ಅಂತ ಒಮ್ಮೆ ಕಣ್ಣಾಡಿಸಿ. ಈ ಮೆನುಗಳ ಹೆಸರು, ಜಾಗ ಆಗಾಗ ಬದಲಾಗುತ್ತಿರುತ್ತವೆ. ನಾನು ಹೇಳಿದ ಕಡೆ ಕಾಣದಿದ್ದರೆ ಒಂದು ಮೆಟ್ಟಿಲು ಮೇಲೆ ಕೆಳಗೆ ಹುಡುಕಿ. ವಾಟ್ಸಾಪ್ ಬಿಸಿನೆಸ್ ಒಳಗೂ ‘ಬಿಸಿನೆಸ್ ಟೂಲ್ಸ್’ನಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜೋಡಿಸುವ ಸಾಲು ಇದೆ. ಜೋಡಿಸಿದರೆ ಪೇಜಿನಲ್ಲಿ ವಾಟ್ಸಾಪ್ ಬಟನ್ ಹಾಕಿಕೊಳ್ಳಬಹುದು.

ಇಷ್ಟು ಆದರೆ ‘ಮೆಟಾ ಬಿಸಿನೆಸ್ ಸೂಟ್’ ಅನ್ನುವ ಉಚಿತ ಆ್ಯಪಿನಲ್ಲಿ ಪೇಜಿನ ಮೆಸೇಜು, ಇನ್‌ಸ್ಟಾದ ಮೆಸೇಜು ಎರಡೂ ಒಂದೇ ಕಡೆ ಕಾಣುತ್ತವೆ. ಆ ಕೇಶ್ವಾಪುರದವರ ಪ್ರಶ್ನೆ ಈಗ ಬೆಂಗಳೂರಿಗೆ ಹೋಗುವುದಿಲ್ಲ.

ಈಗ ನಿಮ್ಮ ಮೂಲ ಪ್ರಶ್ನೆ, ಒಂದು ಕಡೆ ಹಾಕಿದ್ದು ಎಲ್ಲ ಕಡೆ ತಾನೇ ಹೋಗುತ್ತದಾ? ಇನ್‌ಸ್ಟಾದಿಂದ ಪೇಜಿಗೆ ಹೋಗುತ್ತದೆ. ಯೂಟ್ಯೂಬಿಗೆ ತಾನಾಗಿ ಹೋಗುವುದಿಲ್ಲ, ಅದು ಬೇರೆ ಕಂಪನಿ. ಹೋಗುವುದಕ್ಕೂ ನಾನು ಪೂರ್ತಿ ಬಿಡುವುದಿಲ್ಲ. ನಿಮ್ಮ ಇನ್‌ಸ್ಟಾ ಬರಹದಲ್ಲಿ ‘ಲಿಂಕ್ ಬಯೋದಲ್ಲಿದೆ’ ಅಂತ ಇರುತ್ತದೆ. ಅದೇ ಫೇಸ್‌ಬುಕ್ಕಿಗೆ ಹೋದರೆ ಅಲ್ಲಿ ಯಾವ ಬಯೋ? ಫೇಸ್‌ಬುಕ್ಕಿನಲ್ಲಿ ಬರಹದ ಒಳಗೇ ಲಿಂಕ್ ಒತ್ತಬಹುದು, ಆ ಅನುಕೂಲ ಕಳೆದುಕೊಳ್ಳುತ್ತೀರಿ. ಅಲ್ಲಿಯ ಜನವೂ ಬೇರೆ. ನಿವೃತ್ತ ಮೇಷ್ಟ್ರುಗಳು, ಕರ್ನಾಟಕ ಕಾಲೇಜಿನಲ್ಲಿ ಓದಿ ಈಗ ದೂರದ ಊರಲ್ಲಿರುವವರು, ‘ನಮ್ಮ ಅವ್ವನ ಹತ್ರ ಇಂಥದೇ ಚಂದ್ರಕಾಳಿ ಸೀರಿ ಇತ್ತು’ ಅಂತ ಬರೆಯುವವರು. ಅವರಿಗೆ ನಾಲ್ಕು ಸಾಲು ಜಾಸ್ತಿ ಬರೆಯಿರಿ, ಓದುತ್ತಾರೆ. ಬಿಸಿನೆಸ್ ಸೂಟಿನಲ್ಲಿ ಒಂದೇ ಫೋಟೋಗೆ ಎರಡು ಕಡೆ ಬೇರೆ ಬೇರೆ ಬರಹ ಹಾಕಲು ಬರುತ್ತದೆ.

ಯೂಟ್ಯೂಬಿಗೆ ಜಾಸ್ತಿ ಹೊತ್ತು ಕಳೆಯಬೇಡಿ. ಶಾರ್ಟ್ಸ್ ಅನ್ನುವ ಅಲ್ಲಿಯ ಚಿಕ್ಕ ವಿಡಿಯೋಗಳ ಕೆಳಗೆ ಹಾಕುವ ಲಿಂಕ್ 2023ರ ಆಗಸ್ಟ್ ಕೊನೆಯಿಂದ ಒತ್ತಲು ಬರುವುದಿಲ್ಲ, ಹಾಗಾಗಿ ವಾಟ್ಸಾಪ್ ಲಿಂಕನ್ನು ಚಾನೆಲ್ಲಿನ ಮುಖಪುಟದಲ್ಲಿ ಹಾಕಿ, ವಿಡಿಯೋದಲ್ಲಿ ಬಾಯಲ್ಲೇ ಹೇಳಿ. ಇನ್‌ಸ್ಟಾದಿಂದ ಇಳಿಸಿಕೊಂಡ ರೀಲನ್ನು ಗುರುತಿನ ಸಮೇತ ಇಲ್ಲಿ ಏರಿಸಬೇಡಿ. ಬೇರೆ ಆ್ಯಪಿನ ಮುದ್ರೆ ಇರುವ ವಿಡಿಯೋವನ್ನು ಮುಂದೆ ತಳ್ಳಲು ಯಾವ ಕಂಪನಿಗೂ ಮನಸ್ಸಿರುವುದಿಲ್ಲ. ಮೂಲ ವಿಡಿಯೋವನ್ನೇ ಎರಡೂ ಕಡೆ ಹಾಕಿ.

ನಿಮ್ಮ ಪತ್ರದಲ್ಲಿ ಇಲ್ಲದ್ದು ಒಂದಿದೆ, ಗೂಗಲ್. ಪುಣೆಯವರೋ ಬೆಳಗಾವಿಯವರೋ ‘ಧಾರವಾಡ ಕಸೂತಿ ಸೀರೆ’ ಅಂತ ಹುಡುಕಿದಾಗ ಮ್ಯಾಪಿನಲ್ಲಿ ಬರಬೇಕು ಅಂದರೆ ‘ಗೂಗಲ್ ಬಿಸಿನೆಸ್ ಪ್ರೊಫೈಲ್’ ಬೇಕು. ಮನೆಯಿಂದ ಕೆಲಸ ಮಾಡುವವರು ವಿಳಾಸ ಮುಚ್ಚಿಟ್ಟು, ಯಾವ ಊರುಗಳಿಗೆ ಸೇವೆ ಅಂತ ಮಾತ್ರ ತೋರಿಸಬಹುದು. ಹೆಣ್ಣುಮಕ್ಕಳೇ ಇರುವ ಮನೆ, ಮುಚ್ಚಿಡುವುದೇ ಒಳ್ಳೆಯದು. ನಿಮ್ಮ ಕೆಲಸ ನಿಜವಾಗಿ ಇದೆ ಅಂತ ತೋರಿಸಲು ಬಹಳ ಸಲ ವಿಡಿಯೋ ಕೇಳುತ್ತಾರೆ. ಚೌಕಟ್ಟು, ದಾರ, ಅರ್ಧ ಆದ ಸೀರೆ ತೋರಿಸಿದರೆ ಆಯಿತು. ಅಲ್ಲೂ ಇನ್‌ಸ್ಟಾ, ಫೇಸ್‌ಬುಕ್, ಯೂಟ್ಯೂಬ್ ಲಿಂಕ್ ಹಾಕುವ ಜಾಗ ಇದೆ. ‘ಗೂಗಲ್‌ನಿಂದ ಮಾತಾಡುತ್ತಿದ್ದೇವೆ, ಪ್ರೊಫೈಲ್ ಬಂದ್ ಆಗುತ್ತದೆ, ದುಡ್ಡು ಕಟ್ಟಿ’ ಅಂತ ಫೋನ್ ಬಂದರೆ ಇಟ್ಟುಬಿಡಿ.

ನಂಬರ್ ಊರಿಗೆಲ್ಲ ಗೊತ್ತಾದ ಮೇಲೆ ಇಂಥ ಕರೆಗಳು ಬಂದೇ ಬರುತ್ತವೆ. ‘ನಿಮ್ಮ ಖಾತೆಯ ಮೇಲೆ ಕಾಪಿರೈಟ್ ದೂರು ಬಂದಿದೆ, ಈ ಲಿಂಕ್ ಒತ್ತಿ’ ಅನ್ನುವ ಮೆಸೇಜು ಒಂದು ಬಗೆ. ‘ಹತ್ತು ಸೀರೆ ಬೇಕು, ದುಡ್ಡು ಹಾಕುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ’ ಅನ್ನುವುದು ಇನ್ನೊಂದು. ದುಡ್ಡು ಬರುವುದಕ್ಕೆ ನಾವು ಸ್ಕ್ಯಾನ್ ಮಾಡಿ ಪಿನ್ ಒತ್ತುವುದು ಎಲ್ಲೂ ಇಲ್ಲ. ಅಕಸ್ಮಾತ್ ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕೊನೆಗೆ ಒಂದು ಎಚ್ಚರ. ಎಲ್ಲ ಜೋಡಿಸಿದೆ, ಇನ್ನು ಭಯ ಇಲ್ಲ ಅಂದುಕೊಳ್ಳಬೇಡಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರೂ ಒಂದೇ ಕಂಪನಿಯವು. 2021ರ ಅಕ್ಟೋಬರ್ 4ರ ರಾತ್ರಿ ಮೂರೂ ಒಟ್ಟಿಗೆ ಸುಮಾರು ಆರು ತಾಸು ಬಂದ್ ಆಗಿದ್ದವು. ಅದಕ್ಕೂ ಮೊದಲು 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ನಿಷೇಧಿಸಿದಾಗ ಲಕ್ಷಗಟ್ಟಲೆ ಜನರನ್ನು ಸೇರಿಸಿಕೊಂಡಿದ್ದವರ ಕೈಯಲ್ಲಿ ಬೆಳಗಾಗುವುದರೊಳಗೆ ಒಂದು ನಂಬರೂ ಉಳಿಯಲಿಲ್ಲ. ಅದಕ್ಕೇ ಕಾಗದದ ಒಂದು ನೋಟ್‌ಬುಕ್ ಇಡಿ. ಗಿರಾಕಿಯ ಹೆಸರು, ಊರು, ನಂಬರ್, ಏನು ತಗೊಂಡರು, ಯಾವ ಬಣ್ಣ. ನಿಮ್ಮ ನಂಬರನ್ನು ಸೇವ್ ಮಾಡಿಕೊಳ್ಳಲು ಅವರಿಗೆ ಹೇಳಿ. ಒಂದೇ ಮೆಸೇಜನ್ನು ಎಲ್ಲರಿಗೂ ಬೇರೆ ಬೇರೆಯಾಗಿ ಕಳಿಸುವ ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದು, ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ಮುಟ್ಟುತ್ತದೆ.

ಆ ಹನ್ನೆರಡು ಸಾವಿರದವರಿಗೆ ಏನು ಹೇಳುವುದು ಅನ್ನುತ್ತೀರಾ? ನಿಮಗೆ ಸಹಾಯ ಬೇಕೇ ಬೇಕು ಅನಿಸಿದರೆ ಓಣಿಯ ಯಾವುದಾದರೂ ಕಾಲೇಜು ಹುಡುಗಿಯನ್ನು ಎರಡು ಮಧ್ಯಾಹ್ನ ಕರೆದು ಕೂರಿಸಿಕೊಂಡು, ಅವಳ ಕೈಗೆ ಒಂದಿಷ್ಟು ದುಡ್ಡು ಕೊಡಿ. ಫೋನ್ ಮಾತ್ರ ನಿಮ್ಮ ಕೈಯಲ್ಲಿರಲಿ, ಅವಳು ಹೇಳಲಿ, ನೀವು ಒತ್ತಿ. ಎಲ್ಲ ಆದ ಮೇಲೆ ನಿಮ್ಮ ಖಾತೆಯನ್ನು ಯಾವತ್ತೂ ನೋಡದ ಪಕ್ಕದ ಮನೆಯವರ ಫೋನ್ ಇಸ್ಕೊಳ್ಳಿ. ಒಂದು ರೀಲ್ ತೆರೆದು ಅವರ ಕೈಗೆ ಕೊಟ್ಟು ‘ಈ ಸೀರಿ ರೇಟ್ ಕೇಳ್ರಿ’ ಅನ್ನಿ. ಏನೂ ಹೇಳಿಕೊಡಬೇಡಿ, ಪಕ್ಕದಲ್ಲಿ ಕೂತು ಬೆರಳು ನೋಡಿ. ಹೆಸರು ಒತ್ತಿದರು, ಲಿಂಕ್ ಒತ್ತಿದರು, ವಾಟ್ಸಾಪ್ ತೆರೆಯಿತು, ಕಳಿಸಿದರು. ನಿಮ್ಮ ಫೋನ್ ಟಣ್ ಅಂದರೆ ಕೆಲಸ ಮುಗಿಯಿತು.